ಸಾಕ್ಷ್ಯಕ್ಕೆ ಹೋದ ಹನ್ನೊಂದನೆಯ ಭಾಗ

ಮಾರ್ಚ್ 4, ಮಂಗಳವಾರ

ನನ್ನನ್ನು ಅಮಾನತು ಮಾಡಿದ್ದಾರೆ. ಮಾಡಲಿ. ಆದರೆ ನನ್ನ ಪುಸ್ತಕವನ್ನೂ ಎತ್ತಿಕೊಂಡು ಹೋಗಿದ್ದಾರಲ್ಲ, ಅದನ್ನು ಮಾತ್ರ ನಾನು ಮರೆಯುವವಳಲ್ಲ.

ನಡೆದದ್ದು ಇಷ್ಟು. ನಿನ್ನೆ ಪಂಪ್‌ಹೌಸಿನಲ್ಲಿ ನನ್ನದು ಮಧ್ಯಾಹ್ನದ ಪಾಳಿ. ಗುಡ್ಡದ ಮೇಲಿನ ಟ್ಯಾಂಕಿಗೆ ನೀರು ಏರುತ್ತಿತ್ತು. ಟ್ಯಾಂಕು ತುಂಬುತ್ತಾ ಬಂದಾಗ ಹೊಡೆದುಕೊಳ್ಳಬೇಕಾದ ಗಂಟೆ ಡಿಸೆಂಬರಿನಿಂದ ಸತ್ತು ಬಿದ್ದಿದೆ. ಅದರ ಮೇಲೆ ಪೈಪು ನೋಡಿಕೊಳ್ಳುವ ಲೈನಿನವರು ಯಾವುದೋ ರಿಪೇರಿಗೆಂದು ಟ್ಯಾಂಕಿನಿಂದ ಬೀದಿಗಳಿಗೆ ನೀರು ಇಳಿಯುವ ವಾಲ್ವ್ ಮುಚ್ಚಿದ್ದರು. ನನಗೆ ಒಂದು ಮಾತು ಹೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಟ್ಯಾಂಕು ಹೊತ್ತಿಗೆ ಮೊದಲೇ ತುಂಬಿ ಉಕ್ಕಿತು. ನೀರು ಇಳಿಜಾರಿನಲ್ಲಿ ಹರಿದು ತಳದಲ್ಲಿರುವ ಹಾಸಿಗೆ ಅಂಗಡಿಗೆ ನುಗ್ಗಿತು. ನಾಲ್ಕು ನಲವತ್ತಕ್ಕೆ ಸೂಪರ್‌ವೈಸರ್ ಫೋನಿನಲ್ಲಿ ಅರಚಿದಾಗಲೇ ನನಗೆ ಗೊತ್ತಾದದ್ದು. ಪಂಪ್ ಬಂದ್ ಮಾಡಿದೆ. ಹತ್ತು ನಿಮಿಷದಲ್ಲಿ ಅವರೇ ಏದುಸಿರು ಬಿಡುತ್ತಾ ಬಂದರು. ಮೇಜಿನ ಮೇಲೆ ಬೋರಲಾಗಿ ಮಲಗಿದ್ದ ಪುಸ್ತಕ ಕಂಡಿತು. ಕಳ್ಳನ ಕಾಲರು ಸಿಕ್ಕಿದಷ್ಟು ಖುಷಿ ಅವರ ಮುಖದಲ್ಲಿ.

"ಡ್ಯೂಟಿ ಟೈಮಲ್ಲಿ ಕಥೆ ಪುಸ್ತಕ! ಏನಮ್ಮಾ ಇದು?"

"ಬೀಗದವಳು ಸರಣಿ ಸಾರ್. ಹನ್ನೊಂದನೇ ಭಾಗ. ಬೆಳಿಗ್ಗೆ ತಾನೇ ಕೈಗೆ ಸಿಕ್ಕಿದ್ದು," ಎಂದೆ. ಅಂಥ ಹೊತ್ತಿನಲ್ಲಿ ಅದನ್ನೆಲ್ಲ ಯಾಕೆ ಹೇಳಿದೆನೋ. ಕೇಳಿದ್ದಕ್ಕೆ ಉತ್ತರ ಕೊಡುವ ಕೆಟ್ಟ ಅಭ್ಯಾಸ.

ಇವತ್ತು ಬಂದ ಕಾಗದದಲ್ಲಿ ಆರೋಪ ಒಂದೇ: ಕರ್ತವ್ಯದ ವೇಳೆ ಕಥೆ ಪುಸ್ತಕ ಓದುತ್ತಿದ್ದದ್ದು. ಇಪ್ಪತ್ತೈದರಂದು ವಿಚಾರಣೆ. ಪುಸ್ತಕಕ್ಕೆ 'ಸಾಕ್ಷ್ಯ ವಸ್ತು ಒಂದು' ಎಂದು ಹೆಸರಿಟ್ಟಿದ್ದಾರೆ. ಎರಡನೆಯ ವಸ್ತು ಇಲ್ಲ. ಸತ್ತ ಗಂಟೆಯ ಸುದ್ದಿಯೂ ಇಲ್ಲ. ಆ ಗಂಟೆ ಕೆಟ್ಟಿದೆ ಎಂದು ನಾನು ರಿಜಿಸ್ಟರಿನಲ್ಲಿ ಏಳು ಸಲ ಬರೆದಿದ್ದೇನೆ. ಹತ್ತೊಂಬತ್ತು ವರ್ಷದಲ್ಲಿ ನನ್ನ ರಿಜಿಸ್ಟರಿನಲ್ಲಿ ಗಂಟೆಗೊಮ್ಮೆ ನೀರಿನ ಮಟ್ಟ ಬರೆಯುವ ಒಂದು ಸಾಲನ್ನೂ ಖಾಲಿ ಬಿಟ್ಟವಳಲ್ಲ ನಾನು. ನನ್ನದು ಯಾವ ತಪ್ಪೂ ಇಲ್ಲ.

ನೂರ ಹದಿನೆಂಟನೆಯ ಪುಟ, ವಾಕ್ಯದ ನಡುವೆ ಕಿತ್ತುಕೊಂಡರು. 'ಬೀಗದವಳು ಲಿಫ್ಟಿನ ಗೋಡೆಗೆ ಕಿವಿಯಿಟ್ಟಾಗ ಆ ಬದಿಯಿಂದ', ಅಷ್ಟೇ. ಆ ಬದಿಯಿಂದ ಏನು?

ಮಾರ್ಚ್ 5, ಬುಧವಾರ

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. ಇನ್ನೊಂದು ಪ್ರತಿ ಕೊಂಡೆ.

"ಸೋಮವಾರ ತಾನೇ ತಗೊಂಡ್ರಲ್ಲ?" ಎಂದ ಪುಸ್ತಕದಂಗಡಿಯವನು.

"ಅದನ್ನ ಆಫೀಸಿನವರು ಓದ್ತಿದ್ದಾರೆ," ಎಂದೆ.

ಆ ಬದಿಯಿಂದ ಅವಳದೇ ದನಿ ಕೇಳಿಸುತ್ತದೆ. ನೂರ ಹತ್ತೊಂಬತ್ತನೆಯ ಪುಟದ ಮೊದಲ ಸಾಲು. ಬಸ್‌ಸ್ಟಾಪಿನಲ್ಲೇ ನಿಂತು ಓದಿದೆ. ಎರಡು ಬಸ್ಸು ಬಿಟ್ಟೆ. ನನಗೇನು, ಸಮಯ ಬೇಕಾದಷ್ಟಿದೆ.

ಮನೆಯಲ್ಲಿ ಅಕ್ಕ ಕಾದು ಕುಳಿತಿದ್ದಳು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ದಿನವಿಡೀ ರೋಗಿಗಳಿಗೆ ಬಾಯಿ ತೆರೆಯಲು ಧೈರ್ಯ ಹೇಳುವವಳು ನನ್ನ ಬಾಯಿ ಮುಚ್ಚಿಸುವುದರಲ್ಲೂ ನಿಸ್ಸೀಮಳು. "ಕೆಲಸ ಕಳ್ಕೊಂಡ ಪುಸ್ತಕನೇ ಮತ್ತೆ ಹೊತ್ಕೊಂಡು ಬಂದಿದ್ದೀಯಲ್ಲೇ! ಅದೇ ದೆವ್ವ, ಅದೇ ಬೀಗ. ನಿನಗೆ ವಯಸ್ಸೆಷ್ಟು?"

"ದೆವ್ವ ಅಲ್ಲ ಕಣೇ," ಎಂದು ಇಪ್ಪತ್ತನೆಯ ಸಲ ವಿವರಿಸಿದೆ. ನಮ್ಮ ನಗರದಂಥದೇ ಒಂದು ನಗರ. ಅದರ ಕೆಳಗೆ ಇನ್ನೊಂದು. ಲಿಫ್ಟಿನ ಹಿಂದೆ, ಮೀಟರ್ ಬಾಕ್ಸಿನ ಒಳಗೆ, ಮುಚ್ಚಿದ ಟಾಕೀಸಿನ ಪರದೆಯ ಹಿಂದೆ ಬಾಗಿಲುಗಳು. ಅವನ್ನು ತೆಗೆಯಬಲ್ಲವಳು, ಮುಚ್ಚಬಲ್ಲವಳು ಒಬ್ಬಳೇ: ರೈಲ್ವೆ ಸ್ಟೇಷನ್ ಎದುರು ಡಬ್ಬಿ ಅಂಗಡಿ ಇಟ್ಟುಕೊಂಡು ಬೀಗ ರಿಪೇರಿ ಮಾಡುವವಳು. ಯಾರಿಗೂ ತಲೆ ಬಾಗಿಸುವುದಿಲ್ಲ.

"ಅದಕ್ಕೇ ನಿನಗೆ ಇಷ್ಟ," ಎಂದಳು ಅಕ್ಕ. ಹೊಗಳಿಕೆಯಾಗಿ ಹೇಳಲಿಲ್ಲ. ನಾನು ಹೊಗಳಿಕೆಯೆಂದೇ ತೆಗೆದುಕೊಂಡೆ.

ಮಾರ್ಚ್ 8, ಶನಿವಾರ

ಸೂಪರ್‌ವೈಸರ್ ಮನೆಗೇ ಬಂದರು. ಅಕ್ಕ ಚಹಾ ಕೊಟ್ಟಳು, ನಾನು ಕೊಡುತ್ತಿರಲಿಲ್ಲ. ಟೈಪ್ ಮಾಡಿದ ಹಾಳೆಯೊಂದನ್ನು ಮೇಜಿನ ಮೇಲಿಟ್ಟು ನಯವಾಗಿ ಮಾತಾಡಿದರು.

"ಇದಕ್ಕೊಂದು ಸಹಿ ಹಾಕಿಬಿಡಿ. ವಿಚಾರಣೆ ಐದು ನಿಮಿಷದಲ್ಲಿ ಮುಗಿಯುತ್ತೆ. ಎಚ್ಚರಿಕೆ ಕೊಟ್ಟು ಬಿಡ್ತಾರೆ, ಮುಂದಿನ ತಿಂಗಳಿಂದ ನಿಮ್ಮ ಕುರ್ಚಿ ನಿಮಗೆ. ಹಾಕ್ಲಿಲ್ಲ ಅಂದ್ರೆ ಕೆಲಸಾನೇ ಹೋಗಬಹುದು ನೋಡಿ."

ಓದಿದೆ. 'ಕಥೆ ಪುಸ್ತಕಗಳನ್ನು ಓದುವ ಕೆಟ್ಟ ಚಟಕ್ಕೆ ಬಲಿಯಾಗಿ ಕರ್ತವ್ಯವನ್ನು ಮರೆತಿದ್ದಕ್ಕಾಗಿ ಕ್ಷಮೆ ಯಾಚಿಸುತ್ತೇನೆ. ಇನ್ನು ಮುಂದೆ ಅಂಥ ಪುಸ್ತಕಗಳನ್ನು ಮುಟ್ಟುವುದಿಲ್ಲ.'

ಚಟವಂತೆ! ಬಲಿಯಂತೆ! ಬೆಳಗಿನ ಪಾಳಿಯವನು ಮೊಬೈಲಿನಲ್ಲಿ ಆಟ ಆಡುತ್ತಾನೆ, ರಾತ್ರಿ ಪಾಳಿಯವನು ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಾನೆ. ಅವರಿಗೆ ಯಾವ ಚಟವೂ ಇಲ್ಲ.

"ರಿಜಿಸ್ಟರ್ ತರಿಸಿ ಸಾರ್. ಗಂಟೆ ಬಗ್ಗೆ ನಾನು ಬರೆದಿದ್ದನ್ನ ಎಲ್ಲರೂ ನೋಡಲಿ," ಎಂದೆ.

ಅವರು ಕಪ್ಪು ಕೆಳಗಿಟ್ಟರು. "ರಿಜಿಸ್ಟರ್ ತಂಟೆಗೆ ಹೋಗ್ಬೇಡಿ. ಅದು ಯಾರಿಗೂ ಒಳ್ಳೇದಲ್ಲ. ನಿಮಗಂತೂ ಅಲ್ಲವೇ ಅಲ್ಲ," ಎಂದು ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ.

ಹೋದಮೇಲೆ ಅಕ್ಕ ಶುರು ಮಾಡಿದಳು. "ಒಂದು ಸಹಿ ಹಾಕಿದ್ರೆ ನಿನ್ನ ಕೈಯೇನು ಸವೆದು ಹೋಗುತ್ತಾ?"

ಹಾಕುವುದಿಲ್ಲ. ಹಾಳೆಯನ್ನು ಹರಿಯಲೂ ಇಲ್ಲ. ಮಡಚಿ ಪುಸ್ತಕದಲ್ಲಿ ಪುಟದ ಗುರುತಿಗೆ ಇಟ್ಟುಕೊಂಡಿದ್ದೇನೆ.

ಮಾರ್ಚ್ 9, ಭಾನುವಾರ

ನೂರ ಅರವತ್ತು ಪುಟ ಆಯಿತು. ಹೊಗಳುವ ಹಾಗೇನೂ ಇಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಮೊದಲ ಐವತ್ತು ಪುಟ ಹಿಂದಿನ ಹತ್ತು ಭಾಗಗಳ ಕಥೆಯನ್ನೇ ಮತ್ತೆ ಹೇಳಿದ್ದಾರೆ. ಹನ್ನೊಂದನೆಯದರಿಂದ ಓದಲು ಶುರು ಮಾಡುವ ಪುಣ್ಯಾತ್ಮ ಯಾರಿರುತ್ತಾನೆ? ಬಸ್ ಕಂಡಕ್ಟರ್ ತೋಳ, ಅಂದರೆ ಹಗಲು ಟಿಕೆಟ್ ಹರಿದು ಹುಣ್ಣಿಮೆಗೆ ತೋಳವಾಗುವವನು, ನಾಲ್ಕನೆಯ ಭಾಗದಿಂದ ಬೀಗದವಳಿಗೆ ಏನೋ ಹೇಳಬೇಕೆಂದು ಬಾಯಿ ತೆರೆಯುತ್ತಲೇ ಇದ್ದಾನೆ. ಪ್ರತಿ ಸಲವೂ ಯಾರೋ ಬಾಗಿಲು ತಟ್ಟುತ್ತಾರೆ. ಎಂಟು ಭಾಗ, ಹದಿಮೂರು ವರ್ಷ! ಮನುಷ್ಯರಾಗಿದ್ದರೆ ಅಷ್ಟರಲ್ಲಿ ಮದುವೆಯಾಗಿ, ಜಗಳವಾಡಿ, ರಾಜಿಯೂ ಆಗಿರುತ್ತಿದ್ದರು. ಲೇಖಕರಿಗೆ ದಣಿವಾಗಿದೆ. ನನಗೂ ಆಗಿದೆ. ಆದರೂ ಬಿಡಲಾಗುವುದಿಲ್ಲ, ಅವಳೊಂದಿಗೆ ಇಷ್ಟು ದೂರ ಬಂದಿದ್ದೇನೆ.

ಈ ಸಲ ಅವಳ ಮೇಲೇ ಆರೋಪ. ತೆರೆದು ಬಿಟ್ಟಿದ್ದ ಒಂದು ಬಾಗಿಲಿನಿಂದ ಮಂಜು ನುಗ್ಗಿ ಕೆಳನಗರದ ಒಂದಿಡೀ ಬೀದಿಯನ್ನು ನುಂಗಿದೆ. ಮನೆ, ಅಂಗಡಿ, ಬೀದಿದೀಪ, ಏನೂ ಉಳಿದಿಲ್ಲ. ಅಲ್ಲಿನ ಹಿರಿಯರ ಸಭೆ ಅವಳ ಸಲಕರಣೆ ಕಿತ್ತುಕೊಂಡಿದೆ. "ನನ್ನದಲ್ಲ," ಎಂದು ಅವಳು ಸಭೆಯ ಮುಖಕ್ಕೇ ಹೇಳಿ ಬಂದಿದ್ದಾಳೆ. ಭೇಷ್!

ಆ ಹಾಸಿಗೆ ಅಂಗಡಿಯವಳು ಕಚೇರಿಗೆ ಮೂರು ಸಲ ಬಂದು ಕೂಗಾಡಿದಳಂತೆ. ಲೈನಿನವರ ಮೇಲೆ ಕೂಗಾಡಲಿ.

ಮಾರ್ಚ್ 12, ಬುಧವಾರ

ಓದಲಿಲ್ಲ. ಯಾರೂ ಫೋನ್ ಮಾಡಲಿಲ್ಲ. ಮಧ್ಯಾಹ್ನ ನಾಲ್ಕಕ್ಕೆ ಸುಮ್ಮನೆ ಗಡಿಯಾರ ನೋಡಿದೆ. ಐದಕ್ಕೂ ನೋಡಿದೆ.

ಮಾರ್ಚ್ 16, ಭಾನುವಾರ

ಇನ್ನೂರ ಹನ್ನೆರಡನೆಯ ಪುಟಕ್ಕೆ ಪುಸ್ತಕವನ್ನು ಗೋಡೆಗೆ ಎಸೆದೆ. ಅಕ್ಕ ಅಡುಗೆಮನೆಯಿಂದ ಓಡಿ ಬಂದಳು.

ಸಭೆ ಸೇರಿದೆ. ಇನ್ನೂರು ಪುಟ ಅವಳು ಹಲ್ಲು ಕಚ್ಚಿ ಹೋರಾಡಿದ್ದಾಳೆ, ನಾನೂ ಅವಳ ಬೆನ್ನಿಗಿದ್ದೇನೆ. ಅವಳು ಎದ್ದು ನಿಲ್ಲುತ್ತಾಳೆ. ಈಗ ಇವರ ಗ್ರಹಚಾರ ಬಿಡಿಸುತ್ತಾಳೆ ಎಂದು ನಾನು ಕಾಯುತ್ತಿದ್ದರೆ ಅವಳು ಹೇಳುವುದೇನು? "ಆ ಬಾಗಿಲು ನನ್ನದೇ. ಎಳೆದುಕೊಂಡೆ, ಬೀಗ ತಿರುಗಿಸಲಿಲ್ಲ. ತಿರುಗಿಸಿದೆ ಎಂದುಕೊಂಡೆ. ಆಮೇಲೆ ಅದನ್ನೇ ನಂಬಿದೆ."

ಸುಳ್ಳು! ಅದು ಏಳನೆಯ ಭಾಗದ ಬಾಗಿಲು, ಟಾಕೀಸಿನದು. ಅವಳು ಬೀಗ ಹಾಕಿದ್ದನ್ನು ನಾನು ಕಣ್ಣಾರೆ ಓದಿದ್ದೇನೆ. ಹನ್ನೊಂದನೆಯ ಭಾಗಕ್ಕೆ ಕಥೆ ಸಾಲದೆ ಲೇಖಕರು ಅವಳ ಮೇಲೇ ಕೆಸರು ಎರಚಿದ್ದಾರೆ ಎಂದು ಮೈಯೆಲ್ಲ ಉರಿಯಿತು. ಕಪಾಟಿನಿಂದ ಏಳನೆಯದನ್ನು ಎಳೆದು, ನೆಲದ ಮೇಲೆ ಕುಳಿತು ಪುಟ ಹುಡುಕಿದೆ. ಮುನ್ನೂರ ನಲವತ್ತು. 'ಹಿಂದಿನಿಂದ ಕಾಲ ಸದ್ದು ಕೇಳಿತು. ಅವಳು ಬಾಗಿಲನ್ನು ಎಳೆದುಕೊಂಡು ಓಡಿದಳು.'

ಅಷ್ಟೇ ಇದೆ. ಬೀಗದ ಮಾತಿಲ್ಲ. ಹಿಂದಿನ ಪುಟ ನೋಡಿದೆ, ಮುಂದಿನದು ನೋಡಿದೆ. ಇಲ್ಲ. ಈ ಭಾಗವನ್ನು ನಾನು ನಾಲ್ಕು ಸಲ ಓದಿದ್ದೇನೆ. ನಾಲ್ಕು ಸಲವೂ ಬೀಗವನ್ನು ಮನಸ್ಸಿನಲ್ಲಿ ನಾನೇ ಹಾಕಿಕೊಂಡಿದ್ದೆ.

"ಏನಾಯ್ತೇ?" ಎಂದಳು ಅಕ್ಕ.

"ಏನಿಲ್ಲ. ಪುಸ್ತಕ ಚೆನ್ನಾಗಿಲ್ಲ," ಎಂದೆ.

ಮಾರ್ಚ್ 17, ಸೋಮವಾರ

ಇಲ್ಲಿ ಓದುವವರು ಯಾರೂ ಇಲ್ಲ. ಬರೆದುಬಿಡುತ್ತೇನೆ.

ಪಂಪ್‌ಹೌಸಿನಲ್ಲಿ ಗಂಟೆಗೊಂದು ಸಲ ಎದ್ದು, ಗೋಡೆಯ ಮೇಲಿನ ಮಾಪಕದಲ್ಲಿ ಟ್ಯಾಂಕಿನ ಮಟ್ಟ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಆದರೆ ದಿನಾ ಅದೇ ಪಂಪು, ಅದೇ ಟ್ಯಾಂಕು. ಮೂರಕ್ಕೆ ಮೂರು ಮೀಟರ್, ನಾಲ್ಕಕ್ಕೆ ಮೂರೂವರೆಯ ಮೇಲೆ ಒಂದು ಗೆರೆ, ಐದಕ್ಕೆ ಮುಂಚೆ ಪಂಪ್ ಬಂದ್. ಹತ್ತೊಂಬತ್ತು ವರ್ಷದಲ್ಲಿ ಒಂದು ಗೆರೆ ಆಚೀಚೆ ಆದದ್ದು ಅಪರೂಪ. ಹಾಗಾಗಿ ನಾವು ಮುಂಗಡ ಬರೆಯುತ್ತೇವೆ. ಮೂರಕ್ಕೆ ಎದ್ದಾಗಲೇ ನಾಲ್ಕರದ್ದು, ಐದರದ್ದು ಬರೆದು ಕುಳಿತರೆ ಎರಡು ಗಂಟೆ ಯಾರ ತಂಟೆಯೂ ಇಲ್ಲ. ನನಗೆ ಇದನ್ನು ಕಲಿಸಿದ್ದು ನಮ್ಮ ಹಿರಿಯ ಆಪರೇಟರ್ ಬೂಸ್ಟರಣ್ಣ. ಪಂಪಿನ ಸದ್ದನ್ನೂ ಮೀರಿಸುವ ಗಂಟಲು ಅವನದು, ಅದಕ್ಕೇ ಆ ಹೆಸರು. "ನೀರಿಗೂ ಗಡಿಯಾರ ಗೊತ್ತು ಕಣಮ್ಮಾ, ನೀನ್ಯಾಕೆ ಒದ್ದಾಡ್ತೀಯ?" ಎಂದು ಮೊದಲ ವಾರವೇ ಹೇಳಿಕೊಟ್ಟಿದ್ದ. ಸೂಪರ್‌ವೈಸರೂ ವಾರಕ್ಕೊಮ್ಮೆ ಬಂದು ಏಳು ಪುಟಕ್ಕೆ ಒಟ್ಟಿಗೆ ಸಹಿ ಗೀಚಿ ಹೋಗುತ್ತಾರೆ, ಒಂದಂಕಿಯನ್ನೂ ನೋಡದೆ.

ಆವತ್ತು ಮೂರು ಗಂಟೆಗೆ ನಾನು ನಾಲ್ಕರ ಸಾಲಿನಲ್ಲಿ 3.6 ಬರೆದೆ. ಐದರ ಸಾಲಿನಲ್ಲಿ 4.2, ಪಂಪ್ ಬಂದ್, ಎಲ್ಲ ಸರಿಯಾಗಿದೆ ಎಂದು ಬರೆದೆ. ಆಮೇಲೆ ಬೀಗದವಳನ್ನು ತೆಗೆದುಕೊಂಡು ಕುಳಿತೆ. ನಾಲ್ಕಕ್ಕೆ ಎದ್ದು ನಾಲ್ಕು ಹೆಜ್ಜೆ ನಡೆದಿದ್ದರೆ ಮುಳ್ಳು ತುದಿ ಮುಟ್ಟುತ್ತಿರುವುದು ಕಾಣುತ್ತಿತ್ತು. ಪಂಪ್ ನಿಲ್ಲಿಸುತ್ತಿದ್ದೆ. ಯಾವ ಅಂಗಡಿಗೂ ನೀರು ನುಗ್ಗುತ್ತಿರಲಿಲ್ಲ.

ಗಂಟೆ ಕೆಟ್ಟಿದ್ದು ನಿಜ. ಲೈನಿನವರು ಹೇಳದೆ ಇದ್ದದ್ದೂ ನಿಜ. ಗಂಟೆಯ ಬಗ್ಗೆ ನಾನು ಬರೆದ ಏಳು ಸಾಲೂ ನಿಜ, ಅವುಗಳ ಪಕ್ಕದಲ್ಲಿಯೇ ಈ ಎರಡು ಸುಳ್ಳು ಸಾಲೂ ಇವೆ. ಅದಕ್ಕೇ ಸೂಪರ್‌ವೈಸರ್ ಹಾಗೆ ನನ್ನ ಮುಖ ನೋಡಿದ್ದು.

ಹಾಗಂತ ಆ ಚಟದ ಕಾಗದಕ್ಕೆ ನಾನು ಸಹಿ ಹಾಕುತ್ತೇನೆಂದು ಯಾರೂ ತಿಳಿಯಬೇಕಾಗಿಲ್ಲ.

ಮಾರ್ಚ್ 19, ಬುಧವಾರ

ಹಾಸಿಗೆ ಅಂಗಡಿಗೆ ಹೋಗಿದ್ದೆ. ಯಾಕೆ ಹೋದೆನೋ ಗೊತ್ತಿಲ್ಲ, ಆ ಕಡೆ ಏನೋ ಕೆಲಸವಿತ್ತು.

ಅಂಗಡಿ ಎದುರಿನ ಕಲ್ಲುಹಾಸಿನ ಮೇಲೆ ಬಟ್ಟೆ ಹಾಸಿ ಹತ್ತಿ ಹರಡಿದ್ದರು. ಬಿಳಿ ಎಂದು ಹೇಳುವ ಹಾಗಿರಲಿಲ್ಲ, ಚಹಾದ ಬಣ್ಣಕ್ಕೆ ತಿರುಗಿ ಗಂಟುಗಂಟಾಗಿತ್ತು. ನೀರು ನಿಂತಿದ್ದ ಗೆರೆ ಒಳಗಿನ ಗೋಡೆಯ ಮೇಲೆ ಮೊಣಕಾಲಿನ ಎತ್ತರಕ್ಕಿತ್ತು. ಅರವತ್ತು ದಾಟಿದ ಹೆಂಗಸೊಬ್ಬರು ಮೋಟುಗೋಡೆಯ ಮೇಲೆ ಕುಳಿತು ಒಂದೊಂದೇ ಗಂಟನ್ನು ಬೆರಳಿನಿಂದ ಬಿಡಿಸುತ್ತಿದ್ದರು. ಕೂದಲು, ಹುಬ್ಬು, ಎಲ್ಲದಕ್ಕೂ ಹತ್ತಿ ಎಳೆ.

"ಏನು ಬೇಕು?"

"ದಿಂಬು," ಎಂದೆ. ಬೇರೇನೂ ಹೊಳೆಯಲಿಲ್ಲ.

"ದಿಂಬೂ ಇಲ್ಲ, ಹಾಸಿಗೆನೂ ಇಲ್ಲ. ಎಲ್ಲ ನೀರು ಕುಡಿದು ಕೂತಿದೆ. ನೀರಿನ ಆಫೀಸಲ್ಲಿ ಯಾವಳೋ ಕಥೆ ಓದ್ತಾ ಟ್ಯಾಂಕ್ ಮರ್ತುಬಿಟ್ಟಳಂತೆ."

ಹಿಂದಿರುಗಿ ಬರಬಹುದಿತ್ತು. "ಆ ಯಾವಳೋ ನಾನೇ," ಎಂದೆ.

ಅವರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಬೈಗುಳಕ್ಕೆ ತಯಾರಾಗಿ ನಿಂತೆ, ತಿರುಗಿಸಿ ಕೊಡುವುದಕ್ಕೂ ಒಂದೆರಡು ಮಾತು ಸಿದ್ಧವಿದ್ದವು. ಅವರು ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಕೂತ್ಕೋ. ಈ ಗಂಟು ಬಿಡಿಸು. ಎಳೀಬೇಡ, ಹರಿದುಹೋಗುತ್ತೆ. ಬಿಡಿಸು."

ಸಂಜೆಯವರೆಗೆ ಬಿಡಿಸಿದೆ. ಅಷ್ಟು ಹೊತ್ತು ಬಿಡಿಸಿದ್ದು ಮಡಿಲು ತುಂಬ ಹತ್ತಿ, ಅಂಗಡಿಯೊಳಗೆ ಇನ್ನೂ ಎಂಟು ಮೂಟೆ ಇದೆ. ನಡುವೆ ಅವರು ಕೇಳಿದರು, "ಟ್ಯಾಂಕೇ ಮರೆಯೋ ಅಂಥದ್ದು ಏನಿತ್ತು ಆ ಕಥೇಲಿ?"

ಹೇಳಿದೆ. ಬೀಗದವಳು, ಕೆಳನಗರ, ತೋಳ, ಮಂಜು. ಅವರು ಗಂಟು ಬಿಡಿಸುತ್ತಲೇ ಕೇಳಿದರು. ಕೊನೆಗೆ, "ಆ ಬೀದಿಯವರು ಏನಾದ್ರು?" ಎಂದರು.

"ಯಾವ ಬೀದಿ?"

"ಮಂಜು ನುಂಗ್ತು ಅಂದ್ಯಲ್ಲ, ಆ ಬೀದಿ. ಅಲ್ಲೂ ಜನ ಇದ್ದಿರಬೇಕಲ್ಲ."

ಇದ್ದಿರಬೇಕು. ನಾನು ಆ ಬಗ್ಗೆ ಯೋಚಿಸಿಯೇ ಇರಲಿಲ್ಲ. ಲೇಖಕರು ಬರೆದಿದ್ದಾರೋ ಇಲ್ಲವೋ ನೋಡಬೇಕು.

ಹೊರಡುವಾಗ ಕ್ಷಮಿಸಿ ಎಂದೆ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ. "ಕೇಳಿಸ್ತು," ಎಂದರು ಅವರು, ಹತ್ತಿಯಿಂದ ತಲೆ ಎತ್ತದೆ.

ಮಾರ್ಚ್ 20, ಗುರುವಾರ

ವಿಚಾರಣೆಗೆ ರಿಜಿಸ್ಟರ್ ತರಿಸಬೇಕೆಂದು ಅರ್ಜಿ ಬರೆದು ಕಚೇರಿಯಲ್ಲಿ ಕೊಟ್ಟು, ಸೀಲು ಹಾಕಿಸಿಕೊಂಡು ಬಂದೆ. ಸೂಪರ್‌ವೈಸರ್ ಬಾಗಿಲವರೆಗೂ ಹಿಂದೆ ಬಂದರು. "ಇದನ್ನ ವಾಪಸ್ ತಗೊಳ್ಳಿ. ಆ ಸಹಿ ಹಾಕಿ. ರಿಜಿಸ್ಟರ್ ಎಲ್ಲೋ ಕಳೆದುಹೋಗಿರುತ್ತೆ, ಅದರ ಚಿಂತೆ ನನಗಿರಲಿ."

"ಕಳೆದುಹೋದ್ರೆ ಹುಡುಕೋಕೆ ನಾನೇ ಬರ್ತೀನಿ ಸಾರ್," ಎಂದೆ.

ಮಾರ್ಚ್ 22, ಶನಿವಾರ

ಬೂಸ್ಟರಣ್ಣ ಬಂದಿದ್ದ. ಆ ಗಂಟಲಿನ ಮನುಷ್ಯ ಪಿಸುಗುಟ್ಟಿದ್ದನ್ನು ಇವತ್ತೇ ಕೇಳಿದ್ದು.

"ಜುಲೈಗೆ ನಂದು ರಿಟೈರ್ಮೆಂಟು ಕಣಮ್ಮಾ. ರಿಜಿಸ್ಟರ್ ಬಂತು ಅಂದ್ರೆ ಪುಟ ತಿರುವ್ತಾರೆ. ನಿನ್ನ ಸಾಲಷ್ಟೇ ನೋಡಿ ಮುಚ್ಚಿಡ್ತಾರಾ? ಮೂವತ್ತು ವರ್ಷದ್ದು ಎಲ್ಲಾ ನೀರಲ್ಲಿ ಹೋಗುತ್ತೆ."

"ನಿನ್ನ ಹೆಸರು ನಾನು ಹೇಳಲ್ಲ ಅಣ್ಣ."

"ಹೇಳದೆ ಇದ್ರೂ ಕಣ್ಣಿಲ್ವಾ ಅವರಿಗೆ? ಪುಸ್ತಕ ಓದಿದ್ದು ತಪ್ಪಾಯ್ತು ಅಂದುಬಿಡು. ಏನು ಕಳ್ಕೋತೀಯ?"

ಬಾಗಿಲಲ್ಲಿ ನಿಂತಿದ್ದ ಅಕ್ಕ ಇದ್ದಕ್ಕಿದ್ದಂತೆ ಮಾತಾಡಿದಳು. "ಮಾಡದ ತಪ್ಪಿಗೆ ಯಾಕೆ ಸಹಿ ಹಾಕ್ಬೇಕು? ಮಾಡಿದ ತಪ್ಪು ಇಲ್ವಾ, ಅದಕ್ಕೆ ಹಾಕ್ತಾಳೆ." ಅರ್ಜಿ ಕೊಟ್ಟು ಬಂದ ರಾತ್ರಿಯೇ ಆ ಮುಂಗಡದ ಸಾಲುಗಳ ವಿಷಯ ಅವಳಿಗೆ ಹೇಳಿದ್ದೆ. ಎರಡು ವಾರ ನನ್ನ ತಲೆ ತಿಂದವಳು ಇವಳೇನಾ?

ಬೂಸ್ಟರಣ್ಣ ಚಹಾ ಕುಡಿಯದೆ ಹೋದ. ಅದರಿಂದ ನನಗೆ ತುಂಬ ನೋವಾಯಿತು. ಎರಡು ಸಲ ಅರ್ಜಿ ವಾಪಸ್ ತೆಗೆದುಕೊಳ್ಳಬೇಕೆಂದು ಅನ್ನಿಸಿತು, ಎರಡು ಸಲವೂ ಚಪ್ಪಲಿ ಮೆಟ್ಟಿ ಮತ್ತೆ ಬಿಟ್ಟೆ.

ಕಪಾಟಿನಲ್ಲಿ ಬೀಗದವಳ ಒಂದನೆಯ ಭಾಗ ಕಾಣಿಸುತ್ತಿಲ್ಲ. ಅಕ್ಕನ ದಿಂಬಿನ ಕೆಳಗೆ ಏನೋ ಗಟ್ಟಿಯಾಗಿ ಉಬ್ಬಿದೆ. ನಾನು ಕೇಳಲಿಲ್ಲ.

ಮಾರ್ಚ್ 24, ಸೋಮವಾರ

ಮುಗಿಯಿತು. ನಾನೂರ ಎಂಟು ಪುಟ.

ಸಭೆ ಅವಳನ್ನು ಬಿಡಲಿಲ್ಲ. ತಪ್ಪೊಪ್ಪಿಕೊಂಡಳೆಂದು ಯಾರೂ ಬೆನ್ನು ತಟ್ಟಲಿಲ್ಲ. ಒಂದು ವರ್ಷ ಅವಳು ಯಾವ ಬಾಗಿಲನ್ನೂ ತೆಗೆಯುವ ಹಾಗಿಲ್ಲ. ತೋಳ ಕೊನೆಗೂ ಬಾಯಿ ತೆರೆದ, ಯಾರೂ ಬಾಗಿಲು ತಟ್ಟಲಿಲ್ಲ, ಆದರೂ ಅವನಿಗೆ ಮಾತು ಹೊರಡಲಿಲ್ಲ. ಬುದ್ಧಿ ಇದ್ದರೆ ತಾನೇ. ಮಂಜು ನುಂಗಿದ ಬೀದಿಯ ಜನರ ಬಗ್ಗೆ ಲೇಖಕರು ಒಂದು ಸಾಲೂ ಬರೆದಿಲ್ಲ. ಹಾಸಿಗೆಯಮ್ಮನವರು ಓದಿದ್ದರೆ ಬಿಡುತ್ತಿರಲಿಲ್ಲ. ನಾನೂ ಬಿಡುವುದಿಲ್ಲ, ಪ್ರಕಾಶಕರಿಗೆ ಕಾಗದ ಬರೆಯುತ್ತೇನೆ.

ಆದರೆ ಆ ಇನ್ನೂರ ಹನ್ನೆರಡನೆಯ ಪುಟವನ್ನು ಇವತ್ತು ಮತ್ತೆ ಓದಿದೆ. ಅವಳು ತಲೆ ಬಾಗಿಸಿ ಹೇಳಿದಳೆಂದು ನಾನು ಅಂದುಕೊಂಡಿದ್ದೆ. ಹಾಗಿಲ್ಲ. ತಲೆಯ ಮಾತೇ ಇಲ್ಲ ಅಲ್ಲಿ. 'ಎದ್ದು ನಿಂತು ಹೇಳಿದಳು' ಎಂದಿದೆ.

ಮಾರ್ಚ್ 25, ಮಂಗಳವಾರ

ಎಲ್ಲವನ್ನೂ ಇದ್ದ ಹಾಗೇ ಬರೆಯಬೇಕು, ನಾಳೆ ನಾನೇ ಬಣ್ಣ ಹಚ್ಚುವ ಮೊದಲು.

ಉದ್ದನೆಯ ಮೇಜು. ಆ ಬದಿಯಲ್ಲಿ ವಿಚಾರಣಾಧಿಕಾರಿ ಮೇಡಂ, ಕನ್ನಡಕಕ್ಕೆ ಸರಪಳಿ, ಮುಖದಲ್ಲಿ ಏನೂ ಕಾಣದು. ಪಕ್ಕದಲ್ಲಿ ಟೈಪಿಸ್ಟು. ಗೋಡೆಗೆ ಒರಗಿ ಸೂಪರ್‌ವೈಸರ್, ಸಾಕ್ಷಿ ಎಂದು ಕರೆಸಿದ್ದ ಬೂಸ್ಟರಣ್ಣ. ಮೇಜಿನ ನಡುವೆ ಕಂದು ಕಾಗದ ಸುತ್ತಿದ ನನ್ನ ಪುಸ್ತಕ, ಅದರ ಪಕ್ಕ ರಿಜಿಸ್ಟರ್.

ನನ್ನ ಪುಸ್ತಕ ಹೌದೇ ಎಂದು ಗುರುತಿಸಲು ಹೇಳಿದರು. ಕಾಗದ ಬಿಚ್ಚಿದೆ. ಪುಟದ ಗುರುತಿಗೆ ನಾನಿಟ್ಟಿದ್ದ ಹಳೆಯ ಬಸ್ ಟಿಕೆಟ್ ನೂರ ಹದಿನೆಂಟರಲ್ಲಿರಲಿಲ್ಲ, ಮುನ್ನೂರ ಆರರಲ್ಲಿತ್ತು. ಸೂಪರ್‌ವೈಸರ್ ಕಡೆ ನೋಡಿದೆ. ಅವರು ಸೀಲಿಂಗ್ ಫ್ಯಾನಿನ ರೆಕ್ಕೆ ಎಣಿಸುತ್ತಿದ್ದರು. ಅಂಥ ಹೊತ್ತಿನಲ್ಲೂ ನನಗೆ ನಗು ತಡೆಯಲಾಗದೆ ಕೆಮ್ಮಬೇಕಾಯಿತು.

"ಕರ್ತವ್ಯದ ವೇಳೆ ಈ ಪುಸ್ತಕ ಓದ್ತಿದ್ದದ್ದು ನಿಜಾನಾ?" ಎಂದರು ಮೇಡಂ.

"ನಿಜ ಮೇಡಂ. ಆದರೆ ಆರೋಪ ತಪ್ಪಾಗಿದೆ. ಸರಿಯಾದ ಆರೋಪ ಬರೀಬೇಕು."

ಟೈಪಿಸ್ಟನ ಕೈ ನಿಂತಿತು. "ಅಂದ್ರೆ?"

ರಿಜಿಸ್ಟರ್ ತೆಗೆದು ಮಾರ್ಚ್ ಮೂರರ ಪುಟ ಅವರ ಕಡೆ ತಿರುಗಿಸಿದೆ. "ಈ ನಾಲ್ಕು ಗಂಟೆ ಸಾಲು, ಈ ಐದು ಗಂಟೆ ಸಾಲು, ಎರಡನ್ನೂ ನಾನು ಮೂರು ಗಂಟೆಗೇ ಬರೆದೆ. ಮಾಪಕ ನೋಡಲಿಲ್ಲ. ನೀರು ಹಾಸಿಗೆ ಅಂಗಡಿಗೆ ನುಗ್ಗಿದ್ದು ಅದಕ್ಕೆ. ಪುಸ್ತಕ ಓದಿದ್ದು ತಪ್ಪಲ್ಲ ಮೇಡಂ. ಗಂಟೆಗೊಂದು ಸಲ ಎದ್ದು ನೋಡಿ, ಬಂದು ಓದಬಹುದಿತ್ತು. ನೋಡದೆ ಬರೆದಿದ್ದು ತಪ್ಪು. ನನ್ನ ಮೇಲೆ ಅದನ್ನ ಬರೀರಿ. ಅದಕ್ಕೆ ಸಹಿ ಹಾಕ್ತೀನಿ. ಚಟ, ಬಲಿ ಅನ್ನೋದಕ್ಕೆ ಹಾಕಲ್ಲ."

ಆಮೇಲೆ ಗಂಟೆಯ ಬಗ್ಗೆ ಬರೆದಿದ್ದ ಏಳು ಸಾಲನ್ನೂ ಒಂದೊಂದಾಗಿ ಬೆರಳಿಟ್ಟು ತೋರಿಸಿದೆ. "ಇದನ್ನೂ ಬರೀರಿ. ನನ್ನ ತಪ್ಪು ಒಪ್ಪಿಕೊಂಡೆ ಅಂತ ಇದು ಅಳಿಸಿಹೋಗಬಾರದು. ಏಳು ಸಲವೂ ಕೆಳಗೆ ಸೂಪರ್‌ವೈಸರ್ ಸಹಿ ಇದೆ."

ಮೇಡಂ ಕನ್ನಡಕ ಏರಿಸಿ ಪುಟ ತಿರುವತೊಡಗಿದರು. ಒಂದು, ಎರಡು, ಹತ್ತು. ಒಂದೇ ಶಾಯಿ, ಒಂದೇ ಓಟದಲ್ಲಿ ಬರೆದ ಮೂರು ಮೂರು ಸಾಲು, ಎಲ್ಲ ಪಾಳಿಯಲ್ಲೂ. ಕಣ್ಣಿದ್ದವರಿಗೆ ಕಾಣುವಂಥದ್ದೇ.

"ನೀವೊಬ್ಬರೇನಾ ಹೀಗೆ ಬರೆಯೋದು?"

ಬೂಸ್ಟರಣ್ಣ ತನ್ನ ಚಪ್ಪಲಿ ನೋಡುತ್ತಿದ್ದ.

"ನನ್ನ ಸಾಲು ನಾನು ತೋರಿಸಿದ್ದೀನಿ ಮೇಡಂ. ಬೇರೆಯವರ ಸಾಲು ತೋರಿಸೋಕೆ ನಾನು ಬಂದಿಲ್ಲ."

"ಹೇಳಿದ್ರೆ 'ಇದು ಇಲ್ಲಿನ ಪದ್ಧತಿ' ಅಂತ ಬರೀಬಹುದು. ನಿಮ್ಮ ಶಿಕ್ಷೆ ಹಗುರ ಆಗುತ್ತೆ. ಹೇಳದೆ ಇದ್ರೆ ಎಲ್ಲಾ ಹೊರೆ ನಿಮ್ಮ ಮೇಲೇ."

"ಆ ಅಂಗಡಿಗೆ ನುಗ್ಗಿದ ನೀರು ನನ್ನ ಪಾಳೀದು. ಅದರ ಹೊರೆ ನನ್ನ ಮೇಲೇ ಇರಲಿ."

ಅವರು ಬೂಸ್ಟರಣ್ಣನನ್ನು ಕರೆದು, ರಿಜಿಸ್ಟರ್ ಬಗ್ಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. "ಏನಿಲ್ಲ ಮೇಡಂ," ಎಂದ ಅವನು, ಅವನದೇ ಗಟ್ಟಿ ದನಿಯಲ್ಲಿ. ಆಮೇಲೆ ನನ್ನ ಕಡೆ ನೋಡದೆ ಹೊರಗೆ ಹೋದ. ಅವನ ಮೇಲೆ ಸಿಟ್ಟು ಬರುತ್ತದೆಂದು ದಾರಿಯುದ್ದಕ್ಕೂ ಕಾದೆ. ಬರಲಿಲ್ಲ, ಸುಸ್ತಾಗಿತ್ತು ಅಷ್ಟೆ.

ಟೈಪಿಸ್ಟು ಹೊಸ ಹಾಳೆ ಹಾಕಿ ನಾನು ಹೇಳಿದ ಹಾಗೇ ಬರೆದ. ಎರಡು ಸಲ ಓದಿ ಸಹಿ ಹಾಕಿದೆ.

ಮೆಟ್ಟಿಲ ಬಳಿ ಸೂಪರ್‌ವೈಸರ್ ಅಡ್ಡ ಬಂದರು. ಜಗಳಕ್ಕೇ ಬಂದರೆಂದು ಸೊಂಟಕ್ಕೆ ಕೈಯಿಟ್ಟು ನಿಂತೆ. ಅವರು ಆಚೀಚೆ ನೋಡಿ, "ಪುಸ್ತಕ ಒಂದು ವಾರ ಬಿಟ್ಟು ಕೊಡ್ತೀವಿ. ಕಾಗದಪತ್ರದ ಕೆಲಸ ಬಾಕಿ ಇದೆ," ಎಂದರು.

"ಇನ್ನೂ ನೂರು ಪುಟ ಇದೆ ಸಾರ್, ನಿಧಾನಕ್ಕೆ ಮುಗಿಸಿ," ಎಂದೆ.

ಏಪ್ರಿಲ್ 7, ಸೋಮವಾರ

ಆದೇಶ ಬಂತು. ಕೆಲಸ ಉಳಿದಿದೆ. ಒಂದು ವರ್ಷ ಪಂಪ್‌ಹೌಸಿಗೆ ಕಾಲಿಡುವ ಹಾಗಿಲ್ಲ. ಲೈನ್ ಕೆಲಸ: ಕಬ್ಬಿಣದ ಕೀಲಿ ಹೊತ್ತು ಬೀದಿ ಬೀದಿ ತಿರುಗಿ ವಾಲ್ವ್ ತೆಗೆಯುವುದು, ಮುಚ್ಚುವುದು. ಹತ್ತೊಂಬತ್ತು ವರ್ಷದ ಹಿಂದೆ ನಾನು ಸೇರಿದ ಹುದ್ದೆಗಿಂತಲೂ ಎರಡು ಮೆಟ್ಟಿಲು ಕೆಳಗೆ.

"ಆ ಸಹಿ ಹಾಕಿದ್ದಿದ್ರೆ ಬರೀ ಎಚ್ಚರಿಕೆಗೆ ಮುಗೀತಿತ್ತಲ್ಲೇ," ಎಂದಳು ಅಕ್ಕ.

"ಹೌದು," ಎಂದೆ. ಆಮೇಲೆ ಅವಳು, "ಮೂರನೇ ಭಾಗದಲ್ಲಿ ಆ ಕಂಡಕ್ಟರ್‌ಗೆ ಏನಾಗಿದೆ? ಯಾಕೆ ಹುಣ್ಣಿಮೆ ದಿನ ರಜ ಹಾಕ್ತಾನೆ?" ಎಂದು ಕೇಳಿದಳು. ಹೇಳಲಿಲ್ಲ. ತಾನೇ ಓದಿ ತಿಳಿದುಕೊಳ್ಳಲಿ.

ಏಪ್ರಿಲ್ 10, ಗುರುವಾರ

ಮೊದಲ ದಿನ. ಕೀಲಿ ನನ್ನ ಎತ್ತರಕ್ಕಿದೆ, ಭುಜಕ್ಕೆ ಆಗಲೇ ಬರೆ ಬಿದ್ದಿದೆ. ಯಾವ ಬೀದಿ ಕೊಟ್ಟರೂ ಸರಿ ಎಂದಿದ್ದೆ. ಗುಡ್ಡದ ಇಳಿಜಾರಿನ ಬೀದಿಗಳನ್ನೇ ಕೊಟ್ಟರು, ಬೇಕೆಂದೇ ಕೊಟ್ಟಿರುತ್ತಾರೆ. ಪುಸ್ತಕ ಚೀಲದಲ್ಲಿತ್ತು. ತರಬಾರದು ಎಂದು ಆದೇಶದಲ್ಲಿ ಎಲ್ಲೂ ಬರೆದಿಲ್ಲ, ನೋಡಿಕೊಂಡೇ ತಂದಿದ್ದೆ.

ಹತ್ತಕ್ಕೆ ಹಾಸಿಗೆ ಅಂಗಡಿ ಎದುರಿನ ವಾಲ್ವ್. ಮುಚ್ಚಳ ಎತ್ತಿ ಕೀಲಿ ಇಳಿಸಿದೆ. ಹಾಸಿಗೆಯಮ್ಮನವರು ಬಿಸಿಲಿಗೆ ಹತ್ತಿ ಹರಡುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ ನೋಡಿದರು.

"ಏನೇ, ಇನ್ಮೇಲೆ ಈ ಬೀದಿಗೆ ನೀರು ಬಿಡೋಳು ನೀನಾ?"

"ಹೂಂ. ನಾನೇ."

"ಹಾಗಾದ್ರೆ ತಾಳು. ಹತ್ತಿ ಎಲ್ಲಾ ಒಳಗೆ ಸಾಗಿಸ್ತೀನಿ."

ನಕ್ಕು ಹೇಳಿದ್ದೋ ನಗದೆ ಹೇಳಿದ್ದೋ ಗೊತ್ತಾಗಲಿಲ್ಲ. ಅವರು ನಿಜವಾಗಿಯೂ ಒಂದೊಂದೇ ಹೊರೆ ಎತ್ತಿ ಒಳಗಿಡತೊಡಗಿದರು. ಸಹಾಯಕ್ಕೆ ಹೋದೆ, "ನೀನು ಅಲ್ಲೇ ನಿಂತ್ಕೋ, ನಿನ್ನ ಕೆಲಸ ನೋಡು," ಎಂದು ಗದರಿದರು. ಬೀದಿಯ ಕೊನೆಯಿಂದ ಯಾರೋ ನೀರು ಎಲ್ಲಿ ಎಂದು ಕೂಗಿದರು. ಬರುತ್ತೆ, ಸ್ವಲ್ಪ ಇರಿ ಎಂದು ನಾನೂ ಕೂಗಿದೆ. ಕೀಲಿ ಹಿಡಿದು ನಿಂತೇ ಇದ್ದೆ. ಅವರು ಕೊನೆಯ ಹೊರೆಯನ್ನೂ ಒಳಗಿಟ್ಟು, ಹೊಸ್ತಿಲಲ್ಲಿ ನಿಂತು, "ಹೂಂ, ಈಗ ಬಿಡು," ಎಂದ ಮೇಲೆ ತಿರುಗಿಸಿದೆ.